ಕೇಳಿದ್ರೆ ಚೆನ್ನಾಗಿರಲ್ಲ

“ನನ್ನ ವೋಟು ನಿಮಗೇ ಹಾಕಿದ್ದು ಡಾಕ್ಟ್ರೇ” ಎಂದರು ವಿಮಲಾ ಟೀಚರ್.

“ಅಯ್ಯೋ, ನಾನು ನಿಮಗೆ ಹಾಕಿದ್ನಲ್ಲ ಮೇಡಂ!” ಎಂದರು ಡಾಕ್ಟ್ರು.

ಇಬ್ಬರೂ ನಕ್ಕರು. ಇಬ್ಬರೂ ಸೋತಿದ್ದರು. ಕಳೆದ ಭಾನುವಾರ ಬಸವೇಶ್ವರನಗರದ ನಮ್ಮ ಲೇಔಟಿನ ಸಂಘಕ್ಕೆ ಅಧ್ಯಕ್ಷರ ಎಲೆಕ್ಷನ್. ಗೆದ್ದ ರಮೇಶ್ ಕಡೆಯವರು ಹಂಚಿದ ಮೈಸೂರು ಪಾಕ್ ಕೈಯಲ್ಲಿ ಹಿಡಿದುಕೊಂಡೇ ಈ ಮಾತುಕತೆ. ನನಗೆ ನಗು ಬರಲಿಲ್ಲ, ಅಳು ಬಂತು.

ಸಂಘದ ಎಲೆಕ್ಷನ್‌ಗೆಲ್ಲ ಅಳ್ತಾರಾ ಅಂತೀರಾ? ಕೇಳಿ. ಸಂಘದ ಕಟ್ಟಡದಲ್ಲಿ ಒಂದು ರೀಡಿಂಗ್ ರೂಮ್ ಇದೆ. ನಾಲ್ಕು ಟೇಬಲ್ಲು, ಎರಡು ಫ್ಯಾನು (ತಿರುಗುವುದು ಒಂದೇ). ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವರ ಮಗಳು ಭವ್ಯ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವುದು ಅಲ್ಲೇ. ಅವರದು ಒಂದೇ ರೂಮಿನ ಮನೆ. ಅಪ್ಪನಿಗೆ ನೈಟ್ ಶಿಫ್ಟ್, ಹಗಲು ನಿದ್ದೆ. ಮನೆಯಲ್ಲಿ ಲೈಟು ಹಾಕುವ ಹಾಗೂ ಇಲ್ಲ.

ರಮೇಶ್ ಏನನ್ನೂ ಮುಚ್ಚಿಡಲಿಲ್ಲ. “ಓದೋ ರೂಮಿಂದ ಸಂಘಕ್ಕೇನು ಬರುತ್ತೆ? ಜಿಮ್‌ಗೆ ಬಾಡಿಗೆ ಕೊಡೋಣ” ಎಂದು ಮನೆಮನೆಗೂ ಹೇಳಿದರು. ಬೇಡ ಎನ್ನುವವರೇ ಹೆಚ್ಚಿದ್ದರು. ಆದರೆ ಬೇಡ ಎನ್ನಲು ಇಬ್ಬರು ನಿಂತುಬಿಟ್ಟರು. ಟೀಚರನ್ನು ಅವರ ವಾಕಿಂಗ್ ಬಳಗ ನಿಲ್ಲಿಸಿತು, ಡಾಕ್ಟ್ರನ್ನು ಅವರ ಪೇಷಂಟ್‌ಗಳು.

ನಾನು ಟೀಚರ್ ಮನೆಗೆ ಓಡಿದೆ. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಿರಿ ಎಂದು ಬೇಡಿಕೊಂಡೆ.

“ನಾನು ಸರಿದ್ರೆ ನಿಲ್ಲಿಸಿದವ್ರು ಬೇಜಾರು ಮಾಡ್ಕೋತಾರೆ ಕಣಮ್ಮ. ಡಾಕ್ಟ್ರನ್ನೇ ಸರೀರಿ ಅಂತ ಕೇಳೋಣ ಅಂದ್ರೆ… ಕೇಳಿದ್ರೆ ಚೆನ್ನಾಗಿರಲ್ಲ.”

ಅಲ್ಲಿಂದ ಕ್ಲಿನಿಕ್ಕಿಗೆ, ಬಿಪಿ ನೋಡಿಸುವ ನೆಪದಲ್ಲಿ. (ನಿಜಕ್ಕೂ ಏರಿತ್ತು.) “ಅವರು ಹಿರಿಯರು. ನೀವು ಸರೀರಿ ಅಂತ ನಾನು ಹೇಗೆ ಹೇಳ್ಲಿ? ಚೆನ್ನಾಗಿರಲ್ಲ” ಎಂದರು ಡಾಕ್ಟ್ರು.

ಚೆನ್ನಾಗಿರಲ್ಲ! ಈ ಒಂದು ಮಾತಿನ ಮೇಲೆ ನಮ್ಮ ಲೇಔಟಿನ ಅರ್ಧ ಬದುಕು ನಡೆಯುತ್ತದೆ. ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿದವರನ್ನೂ ನಾವು ಕೇಳುವುದಿಲ್ಲ.

ಲೆಕ್ಕ ಸುಲಭ. ಹತ್ತು ಜನರಲ್ಲಿ ಆರು ಜನಕ್ಕೆ ರೂಮು ಬೇಕು ಅಂದುಕೊಳ್ಳಿ. ಮೂವರು ಟೀಚರ್ ಕಡೆ ಹೋದರು, ಮೂವರು ಡಾಕ್ಟ್ರ ಕಡೆ. ಉಳಿದ ನಾಲ್ವರು ರಮೇಶ್ ಕಡೆ. ಹೆಚ್ಚು ವೋಟು ಯಾರಿಗೋ ಅವರೇ ಅಧ್ಯಕ್ಷ, ಆರು ಜನ ಬಾಯಿ ಮುಚ್ಚಿಕೊಂಡು ಮೈಸೂರು ಪಾಕ್ ತಿನ್ನಬೇಕು. ನಮ್ಮಲ್ಲಿ ಹೆಚ್ಚುಕಡಿಮೆ ಆದದ್ದು ಇದೇ.

ಅಸೆಂಬ್ಲಿ ಎಲೆಕ್ಷನ್‌ನಲ್ಲೂ ಇದೇ ಪದ್ಧತಿ. ಅಲ್ಲಿ ಮಾತ್ರ ನಾವು ಮಹಾ ಬುದ್ಧಿವಂತರು. ಮೂರನೆಯವನೊಬ್ಬ ನಿಂತರೆ “ಒಳ್ಳೆಯವನೇ, ಆದ್ರೆ ಗೆಲ್ಲಲ್ಲ, ವೋಟು ವೇಸ್ಟು” ಎಂದು ಹೇಳಿ, ಮನಸ್ಸಿಗೆ ಬಾರದವನಿಗೆ ಒತ್ತಿ ಬರುತ್ತೇವೆ. ಒಳ್ಳೆಯವನಿಗೆ ಹಾಕಿದರೆ ಕೆಟ್ಟವನು ಗೆಲ್ಲುತ್ತಾನೆಂಬ ಭಯ. ಹಾಕದಿದ್ದರೆ ಒಳ್ಳೆಯವನು ಎಂದೂ ಗೆಲ್ಲುವುದಿಲ್ಲ. ಇದರಿಂದ ಹೊರಬರುವ ದಾರಿ ಯಾವುದು? ನನಗಂತೂ ಕಾಣುತ್ತಿಲ್ಲ.

ವೋಟು ಒಡೆಯಲೆಂದೇ ದೊಡ್ಡ ಎಲೆಕ್ಷನ್‌ಗಳಲ್ಲಿ ಎದುರಾಳಿಯ ಹೆಸರೇ ಇರುವ ಡಮ್ಮಿ ಕ್ಯಾಂಡಿಡೇಟನ್ನು ಖರ್ಚು ಮಾಡಿ ನಿಲ್ಲಿಸುತ್ತಾರಂತೆ. ರಮೇಶ್‌ಗೆ ಆ ಖರ್ಚೂ ಬರಲಿಲ್ಲ. ನಾವೇ ಫ್ರೀಯಾಗಿ ಒಡೆದುಕೊಟ್ಟೆವು.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರೆ. ಇಲ್ಲಿ ಜಗಳವೇ ಆಗಲಿಲ್ಲವಲ್ಲ! ಆಗಬೇಕಿತ್ತು. ಒಮ್ಮೆ ಜೋರಾಗಿ ಕಿತ್ತಾಡಿದ್ದರೆ ಒಬ್ಬರಾದರೂ ಮುನಿಸಿಕೊಂಡು ಹಿಂದೆ ಸರಿಯುತ್ತಿದ್ದರೇನೋ.

ಮೊನ್ನೆ ರೂಮಿನ ಟೇಬಲ್ಲುಗಳನ್ನು ಆಚೆ ಸಾಗಿಸಿದರು. ಸಂಜೆ ನೋಡಿದರೆ ಭವ್ಯ ನಮ್ಮ ಮೆಟ್ಟಿಲ ಮೇಲೆ, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಾಳೆ. (ಬಾಡಿಗೆಯವರಿಗೆ ಸಂಘದಲ್ಲಿ ವೋಟಿಲ್ಲ.)

“ಆಂಟಿ, ನೀವು ಯಾರಿಗೆ ಹಾಕಿದ್ರಿ?”

“ಟೀಚರ್‌ಗೆ ಕಣೇ. ರೂಮ್ ಉಳೀಲಿ ಅಂತ.”

“ಎದುರುಮನೆ ಅಂಕಲ್ ಡಾಕ್ಟ್ರಿಗೆ ಹಾಕಿದ್ರಂತೆ. ಅವರೂ ರೂಮ್ ಉಳೀಲಿ ಅಂತಾನೇ ಅಂದ್ರು.” ಅವಳು ಪುಸ್ತಕ ಮುಚ್ಚಿದಳು. “ಎಲ್ರೂ ನನಗೋಸ್ಕರಾನೇ ಹಾಕಿದೀರ. ಹಂಗಾದ್ರೆ ನಾನೆಲ್ಲಿ ಓದ್ಲಿ ಆಂಟಿ?”