ಹನುಮಕ್ಕನ ಬೀಗರು

ನಮ್ಮ ಮನೆಯವಳ ಹೆಸರು ಹನುಮಕ್ಕ. ಹೇರೋಹಳ್ಳಿಯಲ್ಲಿ ನನ್ನನ್ನು ಚಿಕ್ಕಣ್ಣ ಅಂತ ಹೆಸರು ಹಿಡಿದು ಕರೆಯುವವರು ಈಗ ಕಡಿಮೆ. ಬಹಳ ಜನಕ್ಕೆ ನಾನು ಹನುಮಕ್ಕನ ಗಂಡ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಒಗ್ಗಿ ಹೋಗಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಇದೆ, ಅವಳ ಮುಂದೆ ಹೇಳುವುದಿಲ್ಲ ಅಷ್ಟೇ.

ನಾನು ಕಾರ್ಖಾನೆಯಲ್ಲಿ ವಿಆರ್‌ಎಸ್ ತಗೊಂಡು ಒಂದು ಮಾರುತಿ ಓಮ್ನಿ ಕೊಂಡೆ. ಧರ್ಮಸ್ಥಳ, ಘಾಟಿ ಅಂತ ಇಬ್ಬರೂ ಆರಾಮಾಗಿ ಓಡಾಡೋಣ ಎಂಬ ಆಸೆ. ಅದೇ ವರ್ಷ ಮಾಗಡಿ ರಸ್ತೆಯ ಒಂದು ಛತ್ರದಲ್ಲಿ ಮದುವೆಗೆ ಹೋಗಿದ್ದೆವು. ಕೈ ತೊಳೆಯಲು ಹಿಂದಕ್ಕೆ ಹೋದವಳು ವಾಪಸು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ಎಂಜಲೆಲೆ ಎಸೆಯುವ ಗುಂಡಿಯ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಆಳುಗಳು ಬಿಸಿ ಅನ್ನದ ಕೊಳಗವನ್ನು ಗುಂಡಿಗೆ ಬಗ್ಗಿಸುತ್ತಿದ್ದರು, ಇವಳು ಅದರ ಕಿವಿ ಹಿಡಿದು ಎಳೆಯುತ್ತಿದ್ದಳು. "ಗಾಡಿ ಹಿಂದಕ್ಕೆ ತಗೊಳ್ರೀ" ಅಂದಳು. ತಗೊಂಡೆ. ಆ ಅನ್ನ ಕೂಲಿಯವರ ಶೆಡ್ಡುಗಳಿಗೆ ಹೋಯಿತು. ಧರ್ಮಸ್ಥಳದ ಕಥೆ ಅಲ್ಲಿಗೆ ಮುಗಿಯಿತು. ಅಂದಿನಿಂದ ನನ್ನ ಓಮ್ನಿಯಲ್ಲಿ ಸಾಂಬಾರಿನ ವಾಸನೆ ಹೋಗಿಲ್ಲ.

ಅವಳದ್ದೇ ಒಂದು ಪದ್ಧತಿ ಇದೆ. ಪಂಚಾಂಗ ನೋಡಿ ಮುಹೂರ್ತದ ದಿನ ಗುರುತು ಹಾಕಿಕೊಳ್ಳುತ್ತಾಳೆ. ವಿಜಯನಗರದಿಂದ ಕೆಂಗೇರಿವರೆಗೆ ಯಾವ ಛತ್ರದಲ್ಲಿ ಯಾರ ಮದುವೆ ಎಂಬುದು ಅವಳಿಗೆ ಬಾಯಿಪಾಠ. ಎಲೆಯ ಮೇಲೆ ಬಿದ್ದದ್ದನ್ನು ಮುಟ್ಟುವುದಿಲ್ಲ, ಕೊಳಗದಲ್ಲಿ ಉಳಿದದ್ದು ಮಾತ್ರ. ಮೊದಲು ತಾನು ರುಚಿ ನೋಡುತ್ತಾಳೆ, ಆಮೇಲೆ ನನಗೆ ತಿನ್ನಿಸುತ್ತಾಳೆ. ನಾನು ಮುಖ ಕಿವುಚದೆ ನುಂಗಿದರೆ ಊಟ ಸರಿಯಿದೆ ಎಂದು ಲೆಕ್ಕ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಸಿಕ್ಕಿದ್ದು ಅದೊಂದೇ ವಿಷಯದಲ್ಲಿ. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಊಟ ತರುತ್ತೇನೆ ಎಂದು ಅವಳು ಯಾರಿಗೂ ಮುಂಚೆ ಮಾತು ಕೊಡುವುದಿಲ್ಲ. ಮದುವೆ ಊಟ ಉಳಿಯಬಹುದು, ಉಳಿಯದೇ ಇರಬಹುದು. ಗಾಡಿಯಲ್ಲಿ ತುಂಬಿದ ಮೇಲೆಯೇ ಬಾಯಿ ಬಿಡುವುದು.

ಆ ನಿಯಮವನ್ನು ಅವಳು ಮುರಿದದ್ದು ಒಂದೇ ಸಲ, ಅವಳ ದೊಡ್ಡಪ್ಪನ ಮಗ ಗಂಗಮರಿಯಪ್ಪನ ಮಗಳ ಮದುವೆಯ ದಿನ.

ಆ ವರ್ಷ ಕಾರ್ತಿಕ ಬಂದರೂ ಮಳೆ ಬಿಟ್ಟಿರಲಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ಆಗ ಎಲ್ಲಿ ನೋಡಿದರೂ ಮನೆ ಕಟ್ಟುವ ಕೆಲಸ. ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಉತ್ತರ ಕರ್ನಾಟಕದ ಕಡೆಯ ಕೂಲಿಯವರು ಇದ್ದರು. ಮಳೆ ಹಿಡಿದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯೂ ಇಲ್ಲ. ಸಾಲದ್ದಕ್ಕೆ ಅವರ ಮೇಸ್ತ್ರಿ ಊರಿಗೆ ಹೋದವನು ತಲೆಮರೆಸಿಕೊಂಡಿದ್ದ. ಕೆಂಗೇರಿಯ ಛತ್ರಕ್ಕೆ ಹೊರಟವರು ದಾರಿಯಲ್ಲಿ ಅವರನ್ನು ಒಮ್ಮೆ ನೋಡಿಕೊಂಡು ಹೋಗೋಣವೆಂದು ನಿಂತೆವು. ಶೆಡ್ಡಿನ ಬಾಯಲ್ಲಿ ಪಾರವ್ವ ಒದ್ದೆ ಸೌದೆ ಊದುತ್ತ ಕೂತಿದ್ದಳು. ಪಕ್ಕದಲ್ಲಿ ಒಂದು ಡಬ್ಬಿಯ ತಳದಲ್ಲಿ ಜೋಳದ ನುಚ್ಚು. ಅವಳ ಮಾವ ದುಂಡಪ್ಪ, ಆ ಶೆಡ್ಡುಗಳಿಗೆಲ್ಲ ಹಿರಿಯ, ಗೋಡೆಗೆ ಒರಗಿ ಸುಮ್ಮನೆ ಮಳೆ ನೋಡುತ್ತಿದ್ದ.

"ಯಕ್ಕಾ, ಇದಷ್ಟೇ ಉಳದೈತ್ರಿ" ಅಂದಳು ಪಾರವ್ವ. "ಇವತ್ತ ಕುದಸಲೋ, ನಾಳಿಗಿ ಇಡಲೋ ತಿಳೀವಲ್ದು."

ಹನುಮಕ್ಕ ಹಿಂದೆ ಮುಂದೆ ನೋಡಲಿಲ್ಲ. "ನಾಳೆಗೆ ಇಟ್ಕೋ. ಮಧ್ಯಾಹ್ನ ನಾನು ಮದುವೆ ಊಟ ತರ್ತೀನಿ, ಎಲ್ಲರಿಗೂ. ಒಲೆ ಹಚ್ಚಬೇಡ" ಅಂದಳು.

ಪಾರವ್ವ ಸೌದೆಯನ್ನು ಒಲೆಯಿಂದ ಹೊರಕ್ಕೆ ಎಳೆದಳು. ಗಾಡಿಗೆ ಬಂದ ಮೇಲೆ, "ಏನೇ, ಮಾತು ಕೊಡಲ್ಲ ಅಂತಿದ್ದೆ?" ಅಂದೆ.

"ನಮ್ಮಣ್ಣನ ಮನೆ ಮದುವೆ ಕಣ್ರೀ. ಅಲ್ಲಿ ನಂಗೆ ಇಲ್ಲ ಅನ್ನೋರು ಯಾರು?"

ಇಲ್ಲ ಅನ್ನುವವನು ಅಣ್ಣನೇ ಆಗಿದ್ದ.

ಮುಹೂರ್ತ ಚೆನ್ನಾಗಿ ನಡೆಯಿತು. ಮಳೆಗೆ ಹೆದರಿ ಅರ್ಧಕ್ಕರ್ಧ ಜನ ಬಂದೇ ಇರಲಿಲ್ಲ. ಬಂದವರ ಊಟವೂ ಬೇಗ ಮುಗಿಯಿತು. ಅಡುಗೆಮನೆಯಲ್ಲಿ ಇಣುಕಿ ನೋಡಿದರೆ ಅನ್ನ, ಸಾಂಬಾರು, ಪಲ್ಯ, ಪಾಯಸ ಕೊಳಗ ಕೊಳಗವೇ ಹಾಗೇ ಇವೆ. ಒಬ್ಬಟ್ಟನ್ನು ಬುಟ್ಟಿಗಳಲ್ಲಿ ಪೇರಿಸಿಟ್ಟಿದ್ದಾರೆ. ಹನುಮಕ್ಕನ ಮುಖ ಅರಳಿತು. ಸೀದಾ ಅಣ್ಣನ ಹತ್ತಿರ ಹೋದಳು. ಗಂಗಮರಿಯಪ್ಪ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಛತ್ರದ ಬಾಗಿಲಲ್ಲಿ ಶತಪಥ ಹಾಕುತ್ತಿದ್ದ. ಗಂಡಿನವರು ಎರಡು ಬಸ್ಸು ಮಾಡಿದ್ದರು. ಒಂದು ಹಿಂದಿನ ದಿನವೇ ಬಂದಿತ್ತು. ಗಂಗಮರಿಯಪ್ಪ ಇನ್ನೂ ಮುಖ ಕಂಡಿರದ ಹಿರಿಯರೆಲ್ಲ ಇದ್ದ ಎರಡನೆಯದು ಬಿಡದಿಯ ಹತ್ತಿರ ರಸ್ತೆಗೆ ನೀರು ನುಗ್ಗಿ ಸಿಕ್ಕಿಬಿದ್ದಿತ್ತು.

"ಬೀಗರು ಉಣ್ಣೋವರೆಗೂ ಒಂದು ಅಗುಳು ಹೊರಗೆ ಹೋಗಂಗಿಲ್ಲ ಕಣಮ್ಮ" ಅಂದ ಗಂಗಮರಿಯಪ್ಪ. "ಅವರು ಉಂಡು ಎದ್ದ ಮೇಲೆ ಕೊಳಗ ಸಮೇತ ತಗೊಂಡು ಹೋಗು."

"ಅಣ್ಣ, ಇರೋದು ಇಡೀ ಊರಿಗೆ ಆಗುತ್ತೆ. ಅರ್ಧ ಕೊಡು ಸಾಕು."

"ಬೀಗರು ಬಂದಾಗ ಕೊಳಗ ಅರ್ಧ ಖಾಲಿ ಕಾಣಿಸಿದ್ರೆ ಮಾತು ಕೇಳೋಳು ನನ್ನ ಮಗಳು. ಸಾಯೋತನಕ ಹೇಳಿಸ್ಕೋಬೇಕು. ನೀನೂ ಹೆಣ್ಣು ಹೆತ್ತಿದ್ದೀಯ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಬೀಗರ ಪಂಕ್ತಿಯಲ್ಲಿ ಹಪ್ಪಳ ಸಾಲದೆ ಹೋದದ್ದನ್ನೂ ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುತ್ತಾರೆ. ಹನುಮಕ್ಕ ಬಂದು ನನ್ನ ಪಕ್ಕ ಕೂತಳು. ಊಟ ಮಾಡು ಅಂದೆ, ಒಲ್ಲೆ ಅಂದಳು. ಹೊತ್ತು ಇಳಿಯುತ್ತ ಬಂತು. ಬಸ್ಸಿನ ಸುದ್ದಿಯಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋಗಿ ಸಾಂಬಾರು ಮೂಸಿ ಬರುವುದು, ಕೂರುವುದು, ಮತ್ತೆ ಏಳುವುದು.

"ರೀ, ಇಷ್ಟು ಹೊತ್ತಿಗೆ ಅವಳು ಗಂಜಿನಾದ್ರೂ ಕಾಯಿಸಿ ಮಕ್ಕಳಿಗೆ ಕೊಟ್ಟಿರ್ತಿದ್ಲು" ಅಂದಳು. "ನಾನೇ ಒಲೆ ಆರಿಸಿ ಬಂದೆ."

ಅವಳ ಕಣ್ಣು ತುಂಬಿತ್ತು. ಹನುಮಕ್ಕ ಅಳುವವಳಲ್ಲ, ಅಳಿಸುವವಳು.

ಆಗ ಅವಳ ಕಣ್ಣು ಛತ್ರದ ಅಂಗಳದಲ್ಲಿ ನಿಂತಿದ್ದ ಗಂಡಿನವರ ಮೊದಲ ಬಸ್ಸಿನ ಮೇಲೆ ಬಿತ್ತು. ಮುಂದೆ ಹೂವಿನ ಹಾರ, ಗಾಜಿಗೆ ವಧೂವರರ ಹೆಸರಿನ ಬ್ಯಾನರು. ಡ್ರೈವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ಹನುಮಕ್ಕ ದಡಕ್ಕನೆ ಎದ್ದು ಅಣ್ಣನ ಹತ್ತಿರ ಹೋದಳು. ನಾನೂ ಹಿಂದೆಯೇ ಓಡಿದೆ.

"ಅಣ್ಣ, ಊಟ ಹೊರಗೆ ಹೋಗಬಾರದು, ಅಷ್ಟೇ ತಾನೇ?"

"ಅಷ್ಟೇ" ಅಂದ ಅವನು, ಕಿವಿಯಿಂದ ಫೋನು ತೆಗೆಯದೆ.

"ಜನ ಒಳಗೆ ಬರಬಹುದಾ?"

"ಮದುವೆ ಮನೆಗೆ ಬರೋರನ್ನ ಬೇಡ ಅನ್ನೋಕಾಗುತ್ತೇನಮ್ಮ. ಹಲೋ, ಹಲೋ, ಬೀಗರೇ, ಎಲ್ಲಿದ್ದೀರಾ?"

ಅವಳಿಗೆ ಅಷ್ಟು ಸಾಕಾಗಿತ್ತು. ಡ್ರೈವರನ್ನು ಎಬ್ಬಿಸಿ, ಅವನ ಕೈಗೆ ಎರಡು ಒಬ್ಬಟ್ಟು ಇಟ್ಟು, "ಎದ್ದೇಳಪ್ಪ, ನೆಂಟರನ್ನ ಕರ್ಕೊಂಡು ಬರೋದಿದೆ" ಅಂದಳು. ಮದುವೆ ಬಸ್ಸಿನ ಡ್ರೈವರಿಗೆ ನೆಂಟರೆಂದರೆ ನೆಂಟರು. ಅವನು ಪ್ರಶ್ನೆ ಕೇಳಲಿಲ್ಲ. ಓಮ್ನಿ ಮುಂದೆ, ಬಸ್ಸು ಹಿಂದೆ, ಉಲ್ಲಾಳದ ರಸ್ತೆಯ ಗುಂಡಿಗಳಲ್ಲಿ ನೀರು ಎರಚಿಕೊಂಡು ಹೋದೆವು. ನನಗೋ ಎಷ್ಟೋ ವರ್ಷದ ಮೇಲೆ ಮೈಯಲ್ಲಿ ಹುರುಪು ಬಂದಿತ್ತು. ಹಾರನ್ ಒತ್ತಿದ್ದೇ ಒತ್ತಿದ್ದು.

ಶೆಡ್ಡಿನಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಮಕ್ಕಳು ಅತ್ತು ಅತ್ತು ಸುಸ್ತಾಗಿ ಮಲಗಿದ್ದವು. ಹನುಮಕ್ಕ ಗಾಡಿಯಿಂದ ಇಳಿಯುತ್ತಲೇ, "ಪಾರವ್ವ, ಊಟ ಇಲ್ಲಿಗೆ ಬರಲ್ಲ, ನೀವೇ ಬನ್ನಿ. ಮದುವೆ ಮನೆ, ಇದ್ದಿದ್ದರಲ್ಲಿ ಒಳ್ಳೇ ಬಟ್ಟೆ ಹಾಕ್ಕೊಳ್ಳಿ" ಅಂದಳು. ಪಾರವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ದುಂಡಪ್ಪ ಒಗೆದಿಟ್ಟ ಧೋತರ ಉಟ್ಟು ಹಳದಿ ರುಮಾಲು ಸುತ್ತಿದ. ನೋಡನೋಡುತ್ತಿದ್ದಂತೆ ಬಸ್ಸು ತುಂಬಿತು. ಬಸುರಿಯೊಬ್ಬಳನ್ನೂ ಕೂಸುಗಳನ್ನೂ ನಮ್ಮ ಓಮ್ನಿಗೆ ಹತ್ತಿಸಿಕೊಂಡೆವು. ಹನುಮಕ್ಕನ ಯೋಚನೆ ಇಷ್ಟೇ. ಹಿಂದಿನ ಗೇಟಿನಿಂದ ಒಳಗೆ ಬಿಟ್ಟು, ಅಡುಗೆಮನೆ ಪಕ್ಕದ ಶಾಮಿಯಾನದ ಕೆಳಗೆ ಗದ್ದಲವಿಲ್ಲದೆ ಕೂರಿಸಿ ಬಡಿಸುವುದು.

ಬಸುರಿ ಇದ್ದುದರಿಂದ ನಾನು ನಿಧಾನಕ್ಕೆ ಓಡಿಸಿದೆ. ಬಸ್ಸು ನಮ್ಮನ್ನು ದಾಟಿ ಮುಂದೆ ಹೋಯಿತು. ಹಿಂದಿನ ಗೇಟು ಅಂತ ಡ್ರೈವರಿಗೆ ಹೇಳುವುದನ್ನು ಇಬ್ಬರೂ ಮರೆತಿದ್ದೆವು. ಅವನು ಗಂಡಿನವರ ಬಸ್ಸಿನ ಡ್ರೈವರು, ರೂಢಿಯಂತೆ ಸೀದಾ ಮುಂಬಾಗಿಲಿಗೆ ತಂದು ನಿಲ್ಲಿಸಿದ. ಅಲ್ಲಿ ವಾಲಗದವರು ಬೀಗರ ಬಸ್ಸು ಬಂದ ತಕ್ಷಣ ಊದಬೇಕೆಂದು ಮಧ್ಯಾಹ್ನದಿಂದ ಕಾದು ಕೂತಿದ್ದರು. ಹೂವಿನ ಹಾರ ಕಂಡಿದ್ದೇ ತಡ, ಡೋಲು, ನಾಗಸ್ವರ ಒಟ್ಟಿಗೆ ಎದ್ದವು.

ನಾವು ತಲುಪುವ ಹೊತ್ತಿಗೆ ಗಂಗಮರಿಯಪ್ಪ ಬರಿಗಾಲಲ್ಲಿ ಓಡಿ ಬಂದಿದ್ದ. ಹೆಂಡತಿಯ ಕೈಯಲ್ಲಿ ಆರತಿ ತಟ್ಟೆ, ಅವನ ಕೈಯಲ್ಲಿ ಪನ್ನೀರು. ಬಸ್ಸಿನಿಂದ ಮೊದಲು ಇಳಿದದ್ದು ದುಂಡಪ್ಪ. ಗಂಗಮರಿಯಪ್ಪ ಅವನ ಮೇಲೆ ಪನ್ನೀರು ಚಿಮುಕಿಸಿ ಎರಡೂ ಕೈ ಹಿಡಿದುಕೊಂಡ.

"ದಾರೀಲಿ ಬಹಳ ತೊಂದರೆ ಆಯ್ತು ಅಲ್ವಾ ಬೀಗರೇ?"

"ಭಾಳ ತ್ರಾಸ ಆತ್ರಿ" ಅಂದ ದುಂಡಪ್ಪ. ಉಲ್ಲಾಳದ ರಸ್ತೆ ಹಾಗೇ ಇತ್ತು. ವಾಲಗದ ಸದ್ದಿನಲ್ಲಿ ಅವನ ಮಾತಿನ ಧಾಟಿ ಯಾರ ಕಿವಿಗೂ ಬೀಳಲಿಲ್ಲ.

"ಮೊದಲು ಊಟ, ಮಿಕ್ಕಿದ್ದೆಲ್ಲ ಆಮೇಲೆ" ಎಂದು ಗಂಗಮರಿಯಪ್ಪ ಅವರನ್ನೆಲ್ಲ ನಡೆಸಿಕೊಂಡು ಹೋಗಿ ಊಟದ ಹಾಲಿನಲ್ಲಿ ಬೀಗರಿಗೆಂದು ಹಾಕಿದ್ದ ಸಾಲುಗಳಲ್ಲಿ ಕೂರಿಸಿಯೇಬಿಟ್ಟ. ಪಾರವ್ವನಿಗೆ ಆರತಿಯಾಯಿತು, ಕುಂಕುಮವಾಯಿತು. ಅವಳು ಬೆಂಗಳೂರಿನ ಮದುವೆಗಳಲ್ಲಿ ಎಲ್ಲರಿಗೂ ಹೀಗೇ ಮಾಡುತ್ತಾರೆ ಅಂದುಕೊಂಡಿರಬೇಕು. ನಾನೂ ಹನುಮಕ್ಕನೂ ವಾಲಗದ ಗದ್ದಲದಲ್ಲಿ ಜನರನ್ನು ನೂಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಎಲೆಗಳ ಮೇಲೆ ಅನ್ನ ಬಿದ್ದಿತ್ತು.

ಗಂಗಮರಿಯಪ್ಪ ಸಂಭ್ರಮದಿಂದ ಗಂಡಿನ ತಂದೆಯನ್ನು ಕರೆತಂದ. "ನೋಡಿ, ನಿಮ್ಮವರು ಬಂದರು."

ಆತ ಸಾಲುಗಳ ಮೇಲೆ ಕಣ್ಣಾಡಿಸಿ, "ಇವರು ನಮ್ಮವರಲ್ವಲ್ಲ" ಅಂದರು.

ಗಂಗಮರಿಯಪ್ಪನ ಕಣ್ಣು ಹುಡುಕಿಕೊಂಡು ಬಂದು ತಂಗಿಯ ಮೇಲೆ ನಿಂತಿತು. ಅವಳು ಮುಂದೆ ಬಂದಳು. "ನನ್ನವರು ಅಣ್ಣ. ಬೆಳಗ್ಗೆಯಿಂದ ಏನೂ ತಿಂದಿಲ್ಲ. ಹಿಂದೆ ಕೂರಿಸೋಣ ಅಂತ ಇದ್ದೆ, ಬಸ್ಸು ಮುಂದಕ್ಕೆ ಬಂದುಬಿಡ್ತು."

ಅದೇ ಹೊತ್ತಿಗೆ ಹೊರಗೆ ಇನ್ನೊಂದು ಹಾರನ್ ಕೇಳಿಸಿತು. ಈ ಸಲ ನಿಜವಾದ ಬೀಗರು. ನೆಂಟರಲ್ಲಿ ಗುಸುಗುಸು ಶುರುವಾಯಿತು. ಯಾರೋ "ಬೇಗ ಎಬ್ಬಿಸ್ರಯ್ಯ" ಅಂದರು. ದುಂಡಪ್ಪನಿಗೆ ಏನೋ ಎಡವಟ್ಟಾಗಿದೆ ಎಂದು ಅರ್ಥವಾಗಿ, "ತಪ್ಪಾತ್ರಿ" ಎನ್ನುತ್ತ ಏಳತೊಡಗಿದ. ಪಾರವ್ವ ಮಗನ ಬಾಯಿಯ ಹತ್ತಿರ ಹೋಗಿದ್ದ ತುತ್ತನ್ನು ಕೈ ಹಿಡಿದು ತಡೆದಳು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಆ ಹಿಡಿತ ಇವತ್ತಿಗೂ ನೆನಪಿದೆ.

ಗಂಗಮರಿಯಪ್ಪ ದುಂಡಪ್ಪನ ಭುಜ ಒತ್ತಿ ಕೂರಿಸಿದ.

"ಕೂತ್ಕೊಳ್ಳಿ. ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದೋನು ನಾನು. ಎಲೆ ಮುಂದೆ ಕೂತೋರನ್ನ ನಮ್ಮ ಮನೇಲಿ ಯಾರೂ ಎಬ್ಬಿಸಿಲ್ಲ" ಅಂದ. ಆಮೇಲೆ ಗಂಡಿನ ತಂದೆಯ ಕಡೆ ತಿರುಗಿ, "ಬೀಗರೇ, ನಿಮ್ಮವರು ಒಂದು ಪಂಕ್ತಿ ಕಾಯಬೇಕು. ಬಯ್ಯೋದಿದ್ರೆ ನನಗೆ ಬಯ್ಯಿರಿ, ನನ್ನ ಮಗಳಿಗಲ್ಲ" ಅಂದ.

ಅಷ್ಟರಲ್ಲಿ ಗಂಡಿನ ಸೋದರತ್ತೆ ಪಾಪಮ್ಮ ಒದ್ದೆ ಸೆರಗು ಹಿಂಡಿಕೊಳ್ಳುತ್ತ ಒಳಗೆ ಬಂದರು. ಬಹಳ ಬಾಯಿ ಜೋರಿನ ಹೆಂಗಸು ಎಂದು ಮೊದಲೇ ಕೇಳಿದ್ದೆವು. ನಡೆದದ್ದನ್ನು ಗಂಡಿನ ತಂದೆ ಅವರಿಗೆ ಎರಡು ಮಾತಿನಲ್ಲಿ ಹೇಳಿದರು.

"ನೀರಲ್ಲಿ ನಿಂತೂ ನಿಂತೂ ಜೀವ ಹೋಗಿದೆ. ಕಾಯೋದೆಲ್ಲ ನನ್ನ ಕೈಲಾಗಲ್ಲ" ಅಂದರು ಪಾಪಮ್ಮ. ಪಾರವ್ವನ ಪಕ್ಕದಲ್ಲಿ ಒಂದು ಎಲೆ ಖಾಲಿಯಿತ್ತು. ಹೋಗಿ ಅಲ್ಲಿ ಕೂತು, "ಸ್ವಲ್ಪ ಆ ಕಡೆ ಸರೀಮ್ಮ" ಅಂದರು.

ಮತ್ತೆ ಶುರುವಾಯಿತು ನೋಡಿ ಗದ್ದಲ. ಅಡುಗೆಯವರು ಇನ್ನೊಂದು ಒಲೆ ಹಚ್ಚಿದರು. ಗಂಗಮರಿಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬಟ್ಟಿನ ಬುಟ್ಟಿ ಹಿಡಿದ. ನಾನು ತುಪ್ಪ ಹಿಡಿದೆ. ಹನುಮಕ್ಕ ಸಾಂಬಾರಿನ ಬಕೆಟ್ಟು ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿದಳು. ಮದುವೆ ಮನೆಯ ಉಪಚಾರ ಗೊತ್ತಲ್ಲ, ಬಡಿಸುವವನು ಬಿಡಬಾರದು. ಗಂಗಮರಿಯಪ್ಪ ಪಾರವ್ವನ ಎಲೆಗೆ ಒಂದು ಒಬ್ಬಟ್ಟು ಹಾಕಿದ, ಇನ್ನೊಂದು ಹಾಕಿದ, ಮೂರನೆಯದಕ್ಕೆ ಅವಳು ಎರಡೂ ಕೈ ಎಲೆಗೆ ಅಡ್ಡ ಹಿಡಿದಳು.

"ಸಾಕ್ರೀ ಯಪ್ಪಾ, ಸಾಕು. ಹೊಟ್ಟಿ ತುಂಬೇತಿ."

ಬಕೆಟ್ಟು ಹಿಡಿದಿದ್ದ ಹನುಮಕ್ಕ ನಿಂತಲ್ಲೇ ನಿಂತಳು. ಅಷ್ಟು ವರ್ಷ ಶೆಡ್ಡುಗಳಲ್ಲಿ ಊಟ ಹಂಚಿದ್ದೇವೆ. ಜನ ಪಾತ್ರೆ ಒಡ್ಡಿದ್ದಾರೆ, ಇನ್ನಷ್ಟು ಕೇಳಿದ್ದಾರೆ, ಕೈ ಮುಗಿದಿದ್ದಾರೆ, ನಾಳೆಗೆಂದು ಮುಚ್ಚಿಟ್ಟುಕೊಂಡಿದ್ದಾರೆ. ಈ ಮಾತನ್ನು ಅಲ್ಲಿ ಯಾರ ಬಾಯಲ್ಲೂ ನಾವು ಕೇಳಿರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಕೇಳಿಸ್ತೇನ್ರೀ?" ಅಂದಳು. "ಸಾಕು ಅಂದ್ಲು."