ಜಗ್ಗಕ್ಕನ ಕೈಗೆ ಹಾಕಿದ ಅಂಟು

ಡಾಕ್ಟರು ಕಟ್ಟು ಬಿಚ್ಚಿದ್ದೇ ತಡ, ಜಗ್ಗಕ್ಕ ಕೈಯನ್ನು ಕಣ್ಣ ಹತ್ತಿರ ತಂದು ನೋಡಿದಳು. ತೊಡೆಯಿಂದ ತೆಗೆದ ಚರ್ಮ ಸುಟ್ಟಿದ್ದ ಎಡಗೈಯ ಹಿಂಬದಿಯಲ್ಲಿ ಕೂತಿತ್ತೇನೋ ಸರಿ, ಅದರ ಸುತ್ತ ಹೆಸರಿಗೂ ಒಂದು ಹೊಲಿಗೆಯಿರಲಿಲ್ಲ!

"ದಾರ ಎಲ್ಲಿ ಡಾಕ್ಟ್ರೇ?"

"ಹೊಲಿದಿಲ್ಲಮ್ಮ, ಅಂಟು ಹಾಕಿದೀವಿ. ಚರ್ಮಕ್ಕೆ ಅಂತಲೇ ಮಾಡಿರೋ ಅಂಟು. ಒಳಗಿಂದ ರಕ್ತ ಹರಿದು ಚರ್ಮ ಕಚ್ಕೊಳ್ಳೋವರೆಗೂ ಅಲುಗಾಡಿಸಬೇಡಿ, ಅಷ್ಟೇ."

ಅಂಟಂತೆ ಅಂಟು! ಲಂಗ ಹಾಕುವ ವಯಸ್ಸಿನಿಂದ ಹೊಲಿಗೆ ಯಂತ್ರ ತುಳಿದವಳು ಅವಳು. ಹೊಲಿದದ್ದನ್ನೆಲ್ಲ ಒಮ್ಮೆ ಜಗ್ಗಿ ನೋಡದೆ ಯಾರ ಕೈಗೂ ಕೊಟ್ಟವಳಲ್ಲ. ಜಗ್ಗಕ್ಕ ಎಂಬ ಹೆಸರು ಬಂದದ್ದೇ ಹಾಗೆ. ಅವಳ ಹೊಲಿಗೆ ಅಂಗಡಿಯ ಇನ್ನರ್ಧದಲ್ಲಿ ಗಂಡ ಚಪ್ಪಲಿ ರಿಪೇರಿ ಮಾಡುತ್ತಿದ್ದ. ಅವನು ಅಂಟು ಬಳಿದಿಟ್ಟ ಅಟ್ಟೆಯನ್ನು ಆಗಲೇ ಜಗ್ಗಿ, ಕಿತ್ತು ಬಂದರೆ, "ನೋಡು ನಿನ್ನ ಕೆಲಸ!" ಎಂದು ನಗುವುದು ಇವಳ ಚಾಳಿ. "ಒಣಗೋಕಾದ್ರೂ ಬಿಡೇ ಮಾರಾಯ್ತಿ," ಎಂದು ಅವನು ಗೊಣಗುತ್ತಿದ್ದ.

ಜಾರಿಬಿದ್ದ ಇಸ್ತ್ರಿಪೆಟ್ಟಿಗೆಯನ್ನು ಹಿಡಿಯಹೋಗಿ ಸುಟ್ಟುಕೊಂಡ ಕೈ ಇದು. ಸೂಜಿಯಡಿ ಬಟ್ಟೆ ಸರಿಸುವ ಕೈ. ಇದು ಮುದುಡಿದರೆ ಯಂತ್ರಕ್ಕೆ ಮುಸುಕು ಹಾಕಿದಂತೆಯೇ.

ಡಾಕ್ಟರು ಹೊಸ ಪಟ್ಟಿ ತೆಗೆಯಲು ಆಚೆ ತಿರುಗಿದರು. ಅಷ್ಟರಲ್ಲಿ ಅವಳ ಬಲಗೈ ಯಾರನ್ನೂ ಕೇಳದೆ ಎದ್ದಿತು. ಹೆಬ್ಬೆರಳೂ ತೋರುಬೆರಳೂ ಅಂಚನ್ನು ಚಿವುಟಿ ಹಿಡಿದು ಜಗ್ಗಿಯೇಬಿಟ್ಟವು.

ಮೂಲೆ ಎದ್ದು ಬಂತು. ರಕ್ತ ಜಿನುಗಿತು.

"ಅಯ್ಯೋ, ಏನ್ ಮಾಡಿದ್ರಮ್ಮ!" ಡಾಕ್ಟರು ಓಡಿಬಂದು ಹತ್ತಿ ಒತ್ತಿದರು. ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಗಂಡ ಒಂದು ಹೆಜ್ಜೆ ಒಳಗಿಟ್ಟ. ಜಗ್ಗಕ್ಕನಿಗೆ ನೋವು ತಿಳಿಯಲಿಲ್ಲ. ಇದನ್ನು ತಾನೇ ಮಾಡಿದೆನೆಂಬುದನ್ನು ನಂಬಲಾಗದೆ ತನ್ನ ಬಲಗೈಯನ್ನೇ ದಿಟ್ಟಿಸಿದಳು. ಸ್ವಂತ ಚರ್ಮವನ್ನು ಯಾರಾದರೂ ಜಗ್ಗಿ ನೋಡುತ್ತಾರೆಯೇ?

ರಕ್ತ ನಿಂತ ಮೇಲೆ ಡಾಕ್ಟರು ಮೂಲೆಯನ್ನು ಕೂರಿಸಿ ಮತ್ತೊಂದು ಹನಿ ಅಂಟು ಹಾಕಿದರು. ಚರ್ಮದ ನಡುವೆ ಮೆಲ್ಲಗೆ ಒತ್ತಿದರು. ಬಿಳಿಚಿಕೊಂಡ ಜಾಗ ಬೆರಳು ತೆಗೆದೊಡನೆ ಕೆಂಪಾಯಿತು.

"ಇಲ್ಲಿ ರಕ್ತ ಓಡ್ತಾ ಇದೆ, ಕಚ್ಕೊಂಡಿದೆ. ಮೂಲೆ ಮಾತ್ರ ಏನಾಗುತ್ತೋ ಈಗಲೇ ಹೇಳೋಕಾಗಲ್ಲ. ಬೆರಳಿಗೇನೂ ತೊಂದರೆಯಿಲ್ಲ."

ಜಗ್ಗಕ್ಕನ ಕಣ್ಣು ತುಂಬಿತು. ಗಂಡ ಹತ್ತಿರ ಬಂದ. ಅವಳು ಬಲಗೈಯನ್ನು ಅವನತ್ತ ಚಾಚಿದಳು.

"ಒಣಗೋವರೆಗೂ ಇದನ್ನ ಹಿಡ್ಕೊಂಡಿರು. ನಂಗೆ ಇದರ ಮೇಲೆ ನಂಬಿಕೆ ಇಲ್ಲ."