ಗಿಳಿಯ ರೆಕ್ಕೆ, ದೊಡ್ಡವ್ವನ ಹೇಳಿಕೆ

ಚಿತ್ತವಾಡ್ಗಿಯ ದೊಡ್ಡವ್ವನ ಮನೆಯಲ್ಲಿ ಮಿಮಿಕ್ರಿ ಮಾಡುವವರು ಇಬ್ಬರಿದ್ದೆವು: ನಾನು ಮತ್ತು ಅವಳ ಗಿಳಿ. ನನಗೆ ಬಸ್ ಕಂಡಕ್ಟರ್, ಹಂಪಿಯ ಗೈಡ್, ಮುನಿಸಿಕೊಂಡ ಬೀಗರು, ಎಲ್ಲರ ದನಿಯೂ ಬರುತ್ತಿತ್ತು. ಗಿಳಿಗೆ ದೊಡ್ಡವ್ವನ ದನಿಯೊಂದೇ. ಆದರೂ ಜನ ನಗುತ್ತಿದ್ದುದು ಅದಕ್ಕೇ. ಗಾದಿಗನೂರಿನ ಹೊಲದಲ್ಲಿ ತೆಂಗಿನ ಮರದಿಂದ ಬಿದ್ದಿದ್ದ ಮರಿಯನ್ನು ಅವಳು ಸೆರಗಿನಲ್ಲಿಟ್ಟುಕೊಂಡು ತಂದಿದ್ದಳು. ಮಾರಲು ರೊಟ್ಟಿ ತಟ್ಟುತ್ತಾ ದಿನವಿಡೀ ಅದರ ಜೊತೆಗೇ ಮಾತು.

ನಾನು ಸುಮ್ಮನಿರಬಹುದಿತ್ತು. "ರೊಟ್ಟಿ ಆತೇನ್ಲೇ?" ಎಂದು ನಾನು ಕೆಣಕುವುದು, "ತಡಿಲೇ ಮಂಗ್ಯಾ" ಎಂದು ಗಿಳಿ ಬೈಯುವುದು, ಇದನ್ನು ವಿಡಿಯೊ ಮಾಡಿ ಮೊಬೈಲಿನಲ್ಲಿ ಹರಿಬಿಟ್ಟೆ. ನನ್ನ ಕಲೆಗೆ ಕೊನೆಗೂ ಒಬ್ಬ ಗಂಭೀರ ಪ್ರೇಕ್ಷಕ ಸಿಕ್ಕ. ಮೂರನೆಯ ದಿನ ಅರಣ್ಯ ಇಲಾಖೆಯ ಗಾರ್ಡ್ ಬಾಗಿಲಲ್ಲಿ ನಿಂತಿದ್ದ.

"ಗಿಳಿ ಸಾಕಂಗಿಲ್ಲಮ್ಮ, ಕಾಯ್ದೆ ಐತಿ. ಇದನ್ನ ಒಯ್ಬೇಕು. ಕೇಸೂ ಆಗ್ತೈತಿ."

"ಸರ್, ನಮ್ಗ ಗೊತ್ತಿದ್ದಿಲ್ರಿ. ಓಣ್ಯಾಗ ಯಾರನ್ನಾರ ಕೇಳ್ರಿ, ಒಬ್ರಿಗೂ ಗೊತ್ತಿಲ್ಲ," ಎಂದೆ. ವಕೀಲರ ದನಿಯಲ್ಲಿ ಶುರು ಮಾಡಿದ್ದು, ಗಾರ್ಡ್ ಕಣ್ಣೆತ್ತಿ ನೋಡಿದ ಕೂಡಲೇ ನನ್ನ ಸ್ವಂತ ದನಿಗೆ ಇಳಿಯಿತು. ಅದು ಭಾಳ ಸಣ್ಣ ದನಿ.

"ಗೊತ್ತಿಲ್ಲಂದ್ರ ಕಾಯ್ದೆ ಬಿಡಂಗಿಲ್ಲ, ತಮ್ಮಾ." ಆಮೇಲೆ ದೊಡ್ಡವ್ವನ ಮುಖ ನೋಡಿ ಅವನೇ ಮೆತ್ತಗಾದ. "ಆದ್ರೂ ನಿಮ್ಮ ಹೇಳಿಕಿಯೊಳಗ ಹಂಗ ಬರೀತೀನಮ್ಮ, ಗೊತ್ತಿದ್ದಿಲ್ಲ ಅಂತ. ಸಾಹೇಬ್ರು ಸ್ವಲ್ಪ ಕರುಣಾ ತೋರಿಸಬಹುದು."

ನಾನು ಅವನಿಗೆ ಕುಂದ್ರಲು ಸ್ಟೂಲು ತಂದೆ. ದೊಡ್ಡವ್ವ ಕೈಯ ಹಿಟ್ಟು ಒರೆಸಿಕೊಂಡಳು.

"ಹಂಗ ಬರೀಬ್ಯಾಡ್ರಿ. ಕಾಯ್ದೆ ಗೊತ್ತಿದ್ದಿಲ್ಲ, ಖರೆ. ಆದ್ರ ಇದರ ರೆಕ್ಕಿ ಕತ್ತರಿಸಾಕಿ ನಾನ. ಬಿಟ್ರ ಹಾರಿ ಹೋಗ್ತೈತಿ ಅಂತ ಗೊತ್ತಿತ್ತು, ಅದಕ್ಕ ಕತ್ತರಿಸೀನಿ. ಅದನ್ನ ಬರೀರಿ."

ಗಾರ್ಡ್ ಸ್ಟೂಲಿನ ಮೇಲೆ ಕುಳಿತು ಪೆನ್ನು ತೆಗೆದ. ಆಮೇಲೆ ಅವಳು ಹೇಳಿದಂತೆಯೇ ಬರೆದ. ಅವಳು ಸಹಿ ಹಾಕಿ, ಬಿಸಿಲು ತಾಗದಿರಲೆಂದು ಪಂಜರದ ಮೇಲೆ ಒದ್ದೆ ಟವೆಲ್ ಹೊದಿಸಿದಳು. "ನೆನಸಿದ ಕಡ್ಲಿ ಕೊಡ್ರಿ. ರೆಕ್ಕಿ ಬೆಳಿಯೋತನಕ ಬೆಕ್ಕಿನ ಬಾಯಿಗೆ ಸಿಗಬಾರ್ದು ನೋಡ್ರಿ."

ಗಾರ್ಡ್ ಪಂಜರ ಎತ್ತಿಕೊಂಡು ಹೋದ. ಕೇಸಿಗೆ ಕರೆಯುತ್ತೇವೆ ಎಂದಿದ್ದ ಇಲಾಖೆಯವರು ಎರಡು ವಾರ ಕರೆಯಲಿಲ್ಲ. "ಮರ್ತಾರ ಬಿಡವ್ವ" ಎಂದು ಓಣಿಯವರೆಲ್ಲ ಹೇಳಿದರು. ನಾನಂತೂ ಎರಡೆರಡು ಸಲ ಹೇಳಿದೆ. ದೊಡ್ಡವ್ವ ಒಂದು ಬೆಳಗ್ಗೆ ರೊಟ್ಟಿ ಹಂಚು ಇಳಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಅರಣ್ಯ ಇಲಾಖೆಯ ಕಚೇರಿಗೆ ಆಟೋ ಹತ್ತಿದಳು. ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ.

"ನೀ ಎದಕ್ಕಲೇ?"

ಪಂಜರದೊಳಗೆ ಕಡ್ಡಿ ಹಾಕಿ ಗಿಳಿಯನ್ನು ತಿವಿದು, ಅದು ಬೈಯುವವರೆಗೂ ಬಿಡದೆ ವಿಡಿಯೊ ಮಾಡಿದವನು ನಾನು. ಆ ವಿಷಯ ಇನ್ನೂ ಯಾವ ಕಾಗದದಲ್ಲೂ ಇರಲಿಲ್ಲ.

"ನಂದೂ ಒಂದು ಹೇಳಿಕಿ ಐತಿ," ಎಂದೆ.

ಅವಳು ಸರಿದು ಜಾಗ ಕೊಟ್ಟಳು.